ಮನೆ ನೋಡಿಕೊಳ್ಳಲು ಬಂದವನು

ಆನೇಮಹಲ್
12-1-1959

ಕುಲ್ಸುಂಳ ಅಬ್ಬಾ ಅವರಿಗೆ ಸಲಾಂ.

ಕಾಫಿ ಲಾರಿಯೊಂದಿಗೆ ಮಂಗಳೂರಿಗೆ ಹೊರಡುವಾಗ, ಮನೆಯ ಕಡೆ ಒಂದು ಕಣ್ಣಿಡಿ ಎಂದು ಊರಿಗೆಲ್ಲ ಹೇಳಿ ಹೋದಿರಿ. ಅಂದಿನಿಂದ ದಿನವಿಡೀ ಯಾರಾದರೊಬ್ಬರು ಬಾಗಿಲು ಬಡಿಯುತ್ತಾರೆ. ಎಲ್ಲರಿಗೂ ಚಹಾ ಕಾಯಿಸಬೇಕು. ನಿನ್ನೆ ನಿಮ್ಮ ಹೆಸರು ಹೇಳಿಕೊಂಡೇ ಬಂದವನೊಬ್ಬ ಹಿತ್ತಲೆಲ್ಲ ಸುತ್ತಿ, "ಹಿಂದಿನ ಬಾಗಿಲ ಅಗುಳಿ ಸಡಿಲ ಐತೆ ಕಣಕ್ಕ, ಹುಷಾರು" ಎಂದ. ನಾನು ಬಾವಿಗೆ ಹೋಗಿ ಬರುವಷ್ಟರಲ್ಲಿ ಅದೇ ಬಾಗಿಲಿನಿಂದ ತಾಮ್ರದ ಹಂಡೆ ಹೊತ್ತೊಯ್ದಿದ್ದಾನೆ. ಪೊಲೀಸಿನವರು ಅವನ ಮುಖ ಹೇಗಿತ್ತೆಂದು ಕೇಳುತ್ತಾರೆ. ಪರದೆಯ ಹಿಂದಿನಿಂದ ಲೋಟ ಕೊಟ್ಟ ನನಗೆ ಕಂಡದ್ದು ಅವನ ಕೈ ಮಾತ್ರ.

ಸದ್ಯಕ್ಕೆ ಬಾಗಿಲಿಗೆ ಬೀಸುವ ಕಲ್ಲು ಒತ್ತಿಟ್ಟಿದ್ದೇನೆ. ಗಟ್ಟಿ ಚಿಲಕವೊಂದನ್ನು ತನ್ನಿ. ಯಾವಾಗ ಬರುತ್ತೀರೆಂದು ಈ ಸಲ ಊರಿಗೆ ಹೇಳಬೇಡಿ, ನನಗೆ ಬರೆಯಿರಿ.

ತಾಹಿರಾ