ಸಚಿಕೋಳ ಕ್ಲಿಪ್ ಡಬ್ಬಿ

ಏಪ್ರಿಲ್ 3, 2004, ಶನಿವಾರ

ಸೌತ್‌ಫೀಲ್ಡಿನ ಪಾರ್ಲರಿನಲ್ಲಿ ಬೆಳಗಿಂದ ಹುಬ್ಬು ತಿದ್ದಿದ್ದೇ ತಿದ್ದಿದ್ದು. ದಾರ ಎಳೆದೂ ಎಳೆದೂ ಬೆರಳು ಉರಿ. ಮನೆಗೆ ಬಂದರೆ ಮಗಳು ಮನಾಲ್ ಇಲ್ಲ. ಇನ್ನೆಲ್ಲಿ, ಗೆಳತಿ ಅಯುಮಿ ಮನೆ. ಆರಕ್ಕೆ ಬಂದಳು. ಹಣೆಗೂದಲೇ ಕಾಣದಷ್ಟು ಕ್ಲಿಪ್ಪು — ಸ್ಟ್ರಾಬೆರಿ, ಬೆಕ್ಕು, ನಕ್ಷತ್ರ. ಕೊರಳ ತುಂಬ ಪ್ಲಾಸ್ಟಿಕ್ ಮಣಿ, ಕೆನ್ನೆ ಮೇಲೆ ಸ್ಟಿಕರ್, ಒಂದೊಂದು ಕಾಲಿಗೆ ಒಂದೊಂದು ಬಣ್ಣದ ಸಾಕ್ಸ್. ಡೆಕೋರಾ ಅಂತೆ. ಜಪಾನಿನ ಹುಡುಗಿಯರು ಬೀದಿಯಲ್ಲೇ ಹೀಗೆ ಓಡಾಡ್ತಾರಂತೆ.

"ಯಾರೇ ಹಾಕಿದ್ದು?"

"ಅಯುಮೀಸ್ ಮಾಮ್. ಶೀ ಈಸ್ ಸೋ ಗುಡ್, ಅಮ್ಮಿ."

ಆ ಸಚಿಕೋ. ಚೆನ್ನಾಗೇ ಹಾಕಿದ್ದಳು, ಹಾಳಾದವಳು. ಅದಕ್ಕೇ ಹೊಟ್ಟೆಕಿಚ್ಚು.

ಏಪ್ರಿಲ್ 4

ಎಣ್ಣೆ ಹಚ್ಚಿ ಜಡೆ ಹಾಕ್ತೀನಿ ಬಾ ಅಂದೆ. ಮಗುವಾಗಿದ್ದಾಗಿಂದ ನಮ್ಮ ಭಾನುವಾರ ಅಂದರೆ ಅದೇ.

"ನೋ ಆಯಿಲ್. ಕ್ಲಿಪ್ಸ್ ವೋಂಟ್ ಸ್ಟೇ." ತಲೆ ಹಿಂದಕ್ಕೆಳೆದುಕೊಂಡಳು.

ಅಂಗೈಯಲ್ಲಿದ್ದ ಎಣ್ಣೆ ನನ್ನ ತಲೆಗೇ ಸವರಿಕೊಂಡೆ.

ಏಪ್ರಿಲ್ 8

ಊರ ಹೆಂಗಸರೆಲ್ಲ ನನ್ನ ಮುಂದೆ ತಲೆಯೊಡ್ಡಿ ಕೂರ್ತಾರೆ, ಟಿಪ್ ಬೇರೆ. ಹೆತ್ತ ಮಗಳ ತಲೆ ಮುಟ್ಟೋಕೆ ನನಗೇ ಅಪಾಯಿಂಟ್‌ಮೆಂಟ್ ಇಲ್ಲ. ಇವರಿಗೆ ಹೇಳಿದೆ. "ಕ್ಲಿಪ್ ತಾನೆ, ಬಿಡು ದಿಲ್‌ಶಾದ್" ಅಂತ ಟಿವಿ ಹಾಕಿಕೊಂಡರು.

ಕ್ಲಿಪ್ ಅಲ್ಲ ರೀ...

ಏಪ್ರಿಲ್ 17, ಶನಿವಾರ

ಮನಾಲ್‌ನ ಕರೆತರಲು ಅಯುಮಿ ಮನೆಗೆ ಹೋದೆ. ಮನಾಲ್ ನೆಲದ ಮೇಲೆ, ಸಚಿಕೋ ಹಿಂದೆ ಸೋಫಾ ಮೇಲೆ. ಬಾಚಣಿಗೆ ಹಲ್ಲಲ್ಲಿ ಕಚ್ಚಿಕೊಂಡಿದ್ದಳು — ಥೇಟ್ ನನ್ನ ಹಾಗೇ. ಮೈಯೆಲ್ಲ ಉರೀತು. ನಕ್ಕೆ. ಥ್ಯಾಂಕ್ಯೂ ಅಂದೆ. ಬರುವಾಗ ಬಾಗಿಲ ಬಳಿ ಕ್ಲಿಪ್ ಡಬ್ಬಿ ಇತ್ತು. ನನ್ನ ಬ್ಯಾಗಿಗೆ ಸೇರಿಸಿದೆ.

ಎಂಟಕ್ಕೆ ಸಚಿಕೋ ಫೋನು. ಡಬ್ಬಿ ನೋಡಿದ್ರಾ? ಇಲ್ಲವಲ್ಲ ಅಂದೆ.

ಏಪ್ರಿಲ್ 18, ಬೆಳಿಗ್ಗೆ

ಎಲ್ಲರೂ ಮಲಗಿದ್ದಾರೆ ಅಂದುಕೊಂಡು ಬಾತ್‌ರೂಮಿನ ಕನ್ನಡಿ ಮುಂದೆ ಡಬ್ಬಿ ತೆರೆದೆ. ಒಂದೊಂದಾಗಿ ಹಾಕಿಕೊಂಡೆ. ಎಣ್ಣೆತಲೆ, ಎಲ್ಲಾ ಜಾರಿದವು. ತಿರುಗಿದರೆ ಬಾಗಿಲಲ್ಲಿ ಮನಾಲ್.

ಡಬ್ಬಿ ನೋಡಿದಳು. ನನ್ನ ತಲೆ ನೋಡಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಕೂತ್ಕೋ, ಅಮ್ಮಿ." ಇಂಗ್ಲಿಷಲ್ಲಿ ಅಲ್ಲ.

ಟಬ್ಬಿನ ಅಂಚಿಗೆ ಕೂತೆ. ಬಾಚಣಿಗೆ ಹಲ್ಲಲ್ಲಿ ಕಚ್ಚಿಕೊಂಡು ಎಣ್ಣೆ ಹೀರಲಿ ಅಂತ ಪೌಡರ್ ಉದುರಿಸಿ, ಎಳೆ ಎಳೆ ಬಿಡಿಸಿ ಕ್ಲಿಪ್ ಹಾಕಿದಳು. ನಮ್ಮಮ್ಮ ಹೋದ ಮೇಲೆ ನನ್ನ ತಲೆ ಯಾರೂ ಹೀಗೆ ಮುಟ್ಟಿರಲಿಲ್ಲ. ಅತ್ತುಬಿಟ್ಟೆ.

ಮುಗಿದ ಮೇಲೆ ಅಂದಳು: "ನೌ ವೀ ಟೇಕ್ ಇಟ್ ಬ್ಯಾಕ್. ಯೂ ಟೆಲ್ ಹರ್."

ತೆಗೀಲಾ ಅಂದರೆ ಬೇಡವಂತೆ. ಹಾಗೇ ಬರಬೇಕಂತೆ. ಡಬ್ಬಿ ಖಾಲಿ, ಕದ್ದ ಮಾಲೆಲ್ಲ ನನ್ನ ತಲೆ ಮೇಲೆ. ಕೆಳಗಿಂದ ಮನಾಲ್ ಕರೀತಿದಾಳೆ. ಸಚಿಕೋ ಬಾಗಿಲು ತೆಗೆದ ಕೂಡಲೇ ಮೊದಲು ನಾನು — ಮತ್ತೆ ಕೂಗಿದಳು, ಬರೆದದ್ದು ಸಾಕು, ಹೊರಟೆ.