ಬಾರಿಸಿದರೆ ಊರು ಹೇಳುವ ಗೋಡೆ

ಶಹಾಪುರ
೧೨ ಫೆಬ್ರವರಿ ೧೯೫೦

ಚಿ. ಸೌ. ಗೊಲ್ಲಾಳಮ್ಮನಿಗೆ ನಿನ್ನ ಅಪ್ಪ ಪಂಪಣ್ಣನ ಆಶೀರ್ವಾದ.

ನಾನೂ ನಿನ್ನ ಅವ್ವ ಚಂದಮ್ಮನೂ ಇಲ್ಲಿ ಇದ್ದಹಾಗೇ ಇದ್ದೇವೆ. ಬೋನಾಳದಲ್ಲಿ ನೀನು, ಅಳಿಯಂದಿರಾದ ಸೂಗಪ್ಪನವರು, ನಿನ್ನ ಅತ್ತೆ ಶಿವಬಸಮ್ಮನವರು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಸಂಕ್ರಾಂತಿಗೇ ಬರೆಯಬೇಕಿತ್ತು. ಕೆಮ್ಮು ಹಿಡಿದು ಕೂತಿತ್ತು, ಲೇಖಣಿ ಮುಟ್ಟಲು ಮನಸ್ಸಾಗಲಿಲ್ಲ. ತಪ್ಪು ತಿಳಿಯಬೇಡ. ಈ ಪತ್ರವನ್ನು ಊಟವಾದ ಮೇಲೆ ಎಲ್ಲರೆದುರು ಗಟ್ಟಿಯಾಗಿ ಓದು. ಅಂಗಡಿ ಕಟ್ಟೆಯ ಮೇಲೆ ಕೂರಿಸಿಕೊಂಡು ನಾನು ಕಲಿಸಿದ ಅಕ್ಷರ ಎಷ್ಟು ಉಳಿದಿದೆ ಎಂದು ನಿನ್ನ ಅತ್ತೆಗೂ ಗೊತ್ತಾಗಲಿ.

ಗಂಟೆಯ ಹುಚ್ಚು ಇಳಿಯಿತೇ ಎಂದು ಕೇಳಿದ್ದೀಯ. ಇಳಿಯುವುದೆಲ್ಲಿ ಬಂತು! ಹಗ್ಗ, ಮೂಗುದಾರ, ಗೆಜ್ಜೆ ಮಾರುವವನಿಗೆ ಎತ್ತಿನ ಕೊರಳ ಗಂಟೆಯ ಮೇಲಲ್ಲದೆ ಇನ್ನಾವುದರ ಮೇಲೆ ಪ್ರೀತಿ ಹುಟ್ಟಬೇಕು? ಈಗ ಅಂಗಡಿಯ ಹಿಂದಿನ ಗೋಡೆ ತುಂಬ ಗೂಟ ಬಡಿಸಿದ್ದೇನೆ. ಭೀಮಾ ಹೊಳೆಸಾಲಿನ ಊರುಗಳು ಬಲಕ್ಕೆ, ವಡಗೇರಾ ಕಡೆಯವು ನಡುವೆ, ಸುರಪುರದ ಕಡೆಯವು ಕಿಟಕಿಯ ಹತ್ತಿರ. ಯಾರಾದರೂ ಹಳೆಯ ಗಂಟೆ ತಂದರೆ ಹೊಸದನ್ನು ಬದಲು ಕೊಟ್ಟು, ಹಳೆಯದನ್ನು ಅದರ ಊರಿನ ಗೂಟಕ್ಕೆ ತೂಗುಹಾಕುತ್ತೇನೆ.

ನನ್ನ ತಲೆಯಲ್ಲಿರುವ ಗೋಡೆ ಇದಕ್ಕಿಂತ ದೊಡ್ಡದು. ಅದರಲ್ಲಿ ಒಂದು ಊರೂ ಬಿಟ್ಟುಹೋಗಿರುವುದಿಲ್ಲ. ದಾರಿಯಲ್ಲಿ ಸಿಕ್ಕಿತೆಂದು ಯಾರೋ ಒಂದು ಗಂಟೆ ತಂದರು ಅಂದುಕೋ. ಅದನ್ನು ಒಮ್ಮೆ ಬಾರಿಸುತ್ತೇನೆ. ಆಮೇಲೆ ಗೋಡೆಯ ಗಂಟೆಗಳನ್ನು ಬಾರಿಸುತ್ತಾ ಹೋಗುತ್ತೇನೆ, ಎಲ್ಲಿ ದನಿ ಕೂಡುತ್ತದೋ ಅಲ್ಲಿ ನಿಲ್ಲುತ್ತೇನೆ. ಯಾವ ಕಂಚುಗಾರ ಎರಕ ಹೊಯ್ದದ್ದು, ಯಾವ ಊರಿನ ಎತ್ತು, ಹೊಲದ್ದೋ ಬಂಡಿಯದ್ದೋ, ಎಲ್ಲ ಅಲ್ಲೇ ಸಿಗಬೇಕು. ಕಣ್ಣಿಲ್ಲದವನೂ ಬಂದು ತನಗೆ ಬೇಕಾದದ್ದನ್ನು ಹುಡುಕಿಕೊಳ್ಳುವಂತಿರಬೇಕು.

ಬರೆದಿಟ್ಟರಾಗದೇ ಎಂದು ನಿನ್ನ ಅವ್ವ ಕೇಳುತ್ತಾಳೆ. ಬರೆದದ್ದರ ಪಾಡು ನೋಡುತ್ತಿದ್ದೇವಲ್ಲ! ನಿಜಾಮರ ಕಾಲದ ಉರ್ದು ಕಾಗದ ಹಿಡಿದು ಕಚೇರಿಗೆ ಹೋದರೆ ಹೊಸ ಗುಮಾಸ್ತ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನಮ್ಮ ಮುಖ ನೋಡುತ್ತಾನೆ. ಗಂಟೆಗೆ ಆ ತಾಪತ್ರಯವಿಲ್ಲ. ಯಾವ ಸರಕಾರ ಬಂದರೂ ಅದರ ದನಿ ಅದೇ.

ಆದರೆ ಈ ಊರಿನ ಮಂದಿಗೆ ನನ್ನ ಗೋಡೆ ಕಂಡರಾಗದು. ನಿಜಾಮರ ಆಳಿಕೆ ಮುಗಿದ ಆ ಗದ್ದಲದ ವರ್ಷ ಎಷ್ಟು ಹಟ್ಟಿಗಳ ದನ ಎಲ್ಲೆಲ್ಲಿಗೆ ಹೋದವೋ ನಿನಗೆ ಗೊತ್ತೇ ಇದೆ. ಕಳೆದುಕೊಂಡವರು ಹೆದರಿ ಬಾಯಿ ಬಿಡುವುದಿಲ್ಲ, ಹೊಡೆದುಕೊಂಡು ಹೋದವರು ಮೊದಲೇ ಬಿಡುವುದಿಲ್ಲ. ಹೀಗಿರುವಾಗ ಗಂಟೆ ಬಾರಿಸಿ ಊರು ಹೇಳುವವನನ್ನು ಯಾರು ನಂಬುತ್ತಾರೆ? ಮೊನ್ನೆ ಬಾಡಿಗೆ ಬಂಡಿ ಹೊಡೆಯುವ ಭಾಗಣ್ಣ ಹಗ್ಗ ಕೊಳ್ಳಲು ಬಂದವನು, ಹಗ್ಗ ಬಿಟ್ಟು ಗೋಡೆಯನ್ನೇ ನೋಡುತ್ತ ನಿಂತ.

"ಸಾವ್ಕಾರ್ರ, ಖರೇ ಹೇಳ್ರಿ. ಪೊಲೀಸರು ನಿಮಗ ಏನ್ ಕೊಡ್ತಾರ?"

"ಯಾಕೋ? ಗಂಟಿ ಕೂಡಿಸೂದು ತಪ್ಪೇನ?"

"ತಪ್ಪಲ್ರಿ. ಆದ್ರ ನಿಮ್ಮ ಗ್ವಾಡಿಗಿ ಅಂಜಿ ಮಂದಿ ಎತ್ತಿನ ಕೊಳ್ಳಾಗಿನ ಗಂಟಿ ಬಿಚ್ಚಿಟ್ಟು ಪ್ಯಾಟಿಗಿ ಬರಾಕತ್ತಾರ."

ಅವನು ಹೇಳಿದ್ದು ಸುಳ್ಳಲ್ಲ. ಈಗ ಸಂತೆಗೆ ಬರುವ ಬಂಡಿಗಳು ಸದ್ದಿಲ್ಲದೆ ಬರುತ್ತವೆ. ಬರಿಗೊರಳ ಎತ್ತು ಕಂಡರೆ ನಾನು ಅದರ ಯಜಮಾನನ ಮುಖ ನೋಡುತ್ತೇನೆ, ಅವನು ನನ್ನ ಮುಖ ನೋಡುತ್ತಾನೆ. ಇಬ್ಬರೂ ಮಳೆಬೆಳೆಯ ಮಾತಾಡಿ ಬೇರೆಯಾಗುತ್ತೇವೆ. ಭಾಗಣ್ಣ ಹೋದ ಮೇಲೆ ನನಗೂ ಅನ್ನಿಸಿತು, ಇವನಿಗೇಕೆ ಇಷ್ಟು ಚಿಂತೆ? ಇವನ ಹಟ್ಟಿಯಲ್ಲಿ ಯಾರ ಎತ್ತಿದೆಯೋ? ಇಂಥ ಕಾಲ ಬಂದಿದೆ, ಮಗಳೇ.

ನಿನ್ನ ಅಣ್ಣ ಅಂಬ್ರಪ್ಪನ ಸುದ್ದಿ ಇನ್ನೂ ಇಲ್ಲ. ಅದೇ ಗದ್ದಲದಲ್ಲಿ ಹತ್ತಿ ಹೇರಿಕೊಂಡು ಯಾದಗಿರಿ ಸ್ಟೇಷನ್ನಿಗೆ ಹೋದವನು, ಅವನೂ ಬರಲಿಲ್ಲ, ಬಂಡಿಯೂ ಬರಲಿಲ್ಲ. ಹೊಳೆಯವರೆಗೆ ಹೋದದ್ದನ್ನು ಕಂಡವರಿದ್ದಾರೆ. ಮುಂದೆ ಯಾರೂ ಕಂಡಿಲ್ಲವೋ, ಕಂಡವರು ಹೇಳುವುದಿಲ್ಲವೋ. ನಿನ್ನ ಅವ್ವ ಇವತ್ತಿಗೂ ಅವನ ಪಾಲಿನ ರೊಟ್ಟಿ ಬಡಿಯುತ್ತಾಳೆ.

ಇನ್ನೊಂದು ಮಾತು. ಸುರಪುರದ ಕಡೆಯ ಗೂಟಗಳಲ್ಲಿ ಬೋನಾಳದ್ದು ಖಾಲಿ ಉಳಿದಿದೆ. ಅಳಿಯಂದಿರ ಹಟ್ಟಿಯಲ್ಲಿ ಹಳೆಯ ಗಂಟೆ ಇದ್ದರೆ ಕಳಿಸಲಿ. ಅವರು ಹೊಸ ಎತ್ತಿನ ಜೋಡಿ ಕಟ್ಟಿದ್ದಾರೆಂದು ಕೇಳಿ ಸಂತೋಷವಾಯಿತು. ಎಲ್ಲಿ ಕೊಂಡರು, ಯಾರ ಕೈಯಿಂದ ಕೊಂಡರು, ಗಂಟೆ ಸಮೇತವೋ ಬರಿಗೊರಳಲ್ಲೋ? ಅಂಗಡಿಯವನ ಕುತೂಹಲ, ಅಷ್ಟೇ. ಬೇಸರ ಮಾಡಿಕೊಳ್ಳಬೇಡಿರೆಂದು ಹೇಳು.

ಅತ್ತೆಯ ಮಾತಿಗೆ ಎದುರಾಡಬೇಡ. ಕೆರೆಯ ಮೇಲಿನ ತಂಡಿಗಾಳಿಗೆ ಕಿವಿ ತುಂಬ ಸೆರಗು ಹೊದ್ದುಕೋ. ನಿನ್ನ ಸಂಸಾರಕ್ಕೆ ಯಾರ ಕಣ್ಣೂ ತಾಗದಿರಲಿ, ನಿನ್ನ ಹಣೆಯ ಕುಂಕುಮ ಗಟ್ಟಿಯಾಗಿರಲಿ.

ನಿನ್ನ ಅಪ್ಪ,
ಪಂಪಣ್ಣ

ತಾ.ಕ.: ಇದು ಬೇರೆ ಚೀಟಿ. ಬಲೆಯ ದಾರಕ್ಕೆಂದು ನಮ್ಮ ಅಂಗಡಿಗೆ ಬರುವ ಮೀನು ಮಾರುವ ಸಾಯಬಮ್ಮ ನಿನ್ನ ಕೈಗೇ ಕೊಡುತ್ತಾಳೆ. ಎಲ್ಲರೆದುರು ಓದುವ ಆ ಪತ್ರಕ್ಕಿಂತ ಮೊದಲು ಇದನ್ನು ಓದಿ ಒಲೆಗೆ ಹಾಕು.

ಬೋನಾಳದಿಂದ ಗಂಟೆ ಬಂದಿಲ್ಲ ಎಂದು ಬರೆದದ್ದು ನಿನ್ನ ಮನೆಯವರಿಗಾಗಿ. ನೀನು ಕಳಿಸಿದ್ದು ಸಂಕ್ರಾಂತಿಗೆ ಮುಂಚೆಯೇ ಸಾಯಬಮ್ಮನ ಬುಟ್ಟಿಯ ತಳದಲ್ಲಿ ಬಂದು ಮುಟ್ಟಿತು. "ನಿಮ್ಮ ಮಗಳು ಕೊಟ್ಟಾಳ್ರಿ. ಅತ್ತಿ, ಗಂಡ ಯಾರಿಗೂ ಗೊತ್ತಾಗಬಾರದು ಅಂದಾಳ," ಎಂದಳು. ನನಗೆ ಯಾವ ಕೆಮ್ಮೂ ಇರಲಿಲ್ಲ. ಅವತ್ತಿನಿಂದ ಬರೆಯಲು ಕೈಯೇ ಬರಲಿಲ್ಲ.

ಅದನ್ನು ಗೋಡೆಯ ಗಂಟೆಗಳ ಜೊತೆ ಕೂಡಿಸಿ ನೋಡಬೇಕಾಗಲಿಲ್ಲ. ಗಂಟೆಯ ನಾಲಗೆ ಕಿತ್ತುಹೋದಾಗ ನಮ್ಮ ಅಂಗಡಿ ಬಾಗಿಲಿನ ಹಳೆಯ ಮೊಳೆ ಬಗ್ಗಿಸಿ ನಾನೇ ಹಾಕಿದ್ದೆ. ದನಿ ಮಂಕಾಯಿತೆಂದು ಅಂಬ್ರಪ್ಪ ನಗುತ್ತಿದ್ದ. ಅವನ ಬಂಡಿಯ ಎಡಗಡೆಯ ಎತ್ತಿನ ಗಂಟೆ ಅದು. ಭಾಗಣ್ಣ ಅನುಮಾನಪಟ್ಟದ್ದು ಪೂರಾ ತಪ್ಪಲ್ಲ. ಇದೊಂದು ಬರಲಿ ಎಂದೇ ಗೋಡೆ ತುಂಬ ಉಳಿದವನ್ನು ಕೂಡಿಸಿದ್ದೆ. ಇದು ನಿನ್ನ ಹಟ್ಟಿಯಿಂದ ಬರುತ್ತದೆಂದು ಮಾತ್ರ ಎಣಿಸಿರಲಿಲ್ಲ. ಅದೇ ಬಂಡಿಯಲ್ಲಿ ಅಂಬ್ರಪ್ಪ ನಿನ್ನನ್ನು ಗಂಡನ ಮನೆಗೆ ಬಿಟ್ಟು ಬಂದಿದ್ದ. ಆ ದನಿಯನ್ನು ನೀನು ಮರೆತಿರಲಾರೆ. ಗೊತ್ತಿದ್ದೇ ಕಳಿಸಿದ್ದೀಯ.

ಅಳಿಯಂದಿರು ಸಂತೆಯಲ್ಲಿ ಕೊಂಡಿರಬಹುದು. ಹಾಗಾದರೆ ನೀನು ಕದ್ದುಮುಚ್ಚಿ ಕಳಿಸಿದ್ದೇಕೆ? ಪತ್ರದಲ್ಲಿ ಎತ್ತಿನ ಮಾತು ಬಂದಾಗ ಓದು ನಿಲ್ಲಿಸಿ ಅವರ ಮುಖ ನೋಡು. ಕೊಂಡದ್ದೇ ನಿಜವಾದರೆ ಮಾರಿದವನ ಹೆಸರನ್ನು ಸಾಯಬಮ್ಮನ ಬಾಯಲ್ಲಿ ಹೇಳಿಕಳಿಸು. ಅಲ್ಲವಾದರೆ ಏನೂ ಹೇಳಿಕಳಿಸಬೇಡ. ಅವ್ವನಿಗೆ ಮೈಯಲ್ಲಿ ಹುಷಾರಿಲ್ಲ ಎಂದು ಹೇಳಿ ನೀನೇ ಬಂದುಬಿಡು, ತಾಯಿ.

ಅದೇನೂ ಪೂರಾ ಸುಳ್ಳಾಗುವುದಿಲ್ಲ. ಗಂಟೆಯನ್ನು ನಾನು ಬಾರಿಸಿದ್ದು ಒಂದೇ ಸಲ. ಅಂಗಡಿಯ ಹಿಂದಿನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನಿನ್ನ ಅವ್ವ ಹಿಟ್ಟಿನ ಕೈಯಲ್ಲೇ ಬೀದಿಗೆ ಓಡಿದಳು. ಅತ್ತಿತ್ತ ನೋಡಿ, "ಅಂಬ್ರ ಬಂದಾನೇನ್ರಿ? ಬಂಡಿ ಎಲ್ಲಿ ನಿಂದರಿಸ್ಯಾನ?" ಎಂದು ಕೇಳಿದಳು. ಗಂಟೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, "ಇಲ್ಲ, ಯಾರೋ ಗಿರಾಕಿ" ಎಂದೆ. ಈಗ ಅದು ನಾಲಗೆಗೆ ಬಟ್ಟೆ ಸುತ್ತಿಸಿಕೊಂಡು ಗಲ್ಲಾಪೆಟ್ಟಿಗೆಯಲ್ಲಿದೆ. ಆದರೆ ನಿನ್ನ ಅವ್ವ ಅವತ್ತಿನಿಂದ ನನ್ನನ್ನು ನಂಬುವುದಿಲ್ಲ. ಮಗ ಬಂದಿದ್ದಾನೆ, ನಾನೇ ಎಲ್ಲೋ ಬಚ್ಚಿಟ್ಟಿದ್ದೇನೆ ಎಂದುಕೊಂಡು, ನಾನು ಎಲ್ಲಿಗೆ ಹೊರಟರೂ ಅವನ ಪಾಲಿನ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗೆ ಕೊಡುತ್ತಾಳೆ.