ಕಾಲುವೆಗೆ ಇಳಿಯುವ ಮೊದಲು

ಮಂಗಳೂರು,
ರವಿವಾರ, ೯ ಫೆಬ್ರವರಿ ೨೦೨೫

ಪ್ರೀತಿಯ ಅವ್ವಾ,

ನಿನ್ನ ಶಿವಿಯ ಶರಣು. ಸೊಂಟ ಹೇಗಿದೆ? ಹೋದ ವಾರ ಫೋನಿನಲ್ಲಿ “ಬಚ್ಚಲದಾಗ ಕಾಲು ಜಾರಿತವ್ವಾ, ಏನೂ ಆಗಿಲ್ಲ ಬಿಡು” ಎಂದು ಹೇಳಿ ನನ್ನ ಬಾಯಿ ಮುಚ್ಚಿಸಿದೆ. ನಾನು ಕಳಿಸಿದ ಮುಲಾಮು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ “ದೊಡ್ಡ ನೋವು ಬಂದಾಗ ಬೇಕಾಗ್ತೈತಿ” ಎಂದು ಟ್ರಂಕಿನಲ್ಲಿ ಇಟ್ಟಿದ್ದೀಯೋ? ಔಷಧದ ಅಂಗಡಿಯಲ್ಲಿ ದುಡಿಯುವ ಮಗಳಿರುವಾಗ ನೋವಿನಲ್ಲಿ ಸಣ್ಣದು ದೊಡ್ಡದು ನೋಡಬೇಡ. ಅಪ್ಪ ಬಿ.ಪಿ. ಗುಳಿಗೆ ದಿನಾ ನುಂಗುತ್ತಿದ್ದಾನೆಯೇ? ಭತ್ತಕ್ಕೆ ನೀರು ಹಾಯಿಸುವ ಗಡಿಬಿಡಿಯಲ್ಲಿ ಮರೆಯುತ್ತಾನೆ, ಊಟದ ತಟ್ಟೆಯಲ್ಲೇ ಇಟ್ಟುಬಿಡು. ನಿನ್ನ ಮೊಮ್ಮಗಳು ಚನ್ನುವಿನ ಹಲ್ಲು ಬಿತ್ತೇ? ನಮ್ಮ ವಳಕಮದಿನ್ನಿಯಲ್ಲಿ ಚಳಿ ಇನ್ನೂ ಇದೆಯೇ? ರಾತ್ರಿ ಏನು ಹೊದ್ದುಕೊಂಡು ಮಲಗುತ್ತೀಯ?

ಫೋನ್ ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಎಂದು ಅಣ್ಣ ನಗುತ್ತಾನೆ. ನಗಲಿ. ಫೋನಿನಲ್ಲಿ ನಾನು ಕಾಲುವೆ ಎಂದರೆ ಸಾಕು, “ಹಾಲು ಉಕ್ಕಾಕತ್ತೈತಿ, ಇಡ್ತೀನಿ” ಎನ್ನುತ್ತೀಯ. ನಮ್ಮ ಮನೆಯಲ್ಲಿ ಎಷ್ಟು ಹಾಲು ಉಕ್ಕಿ ಹೋಗಿದೆಯೋ ಆ ಎಮ್ಮೆಗೇ ಗೊತ್ತು. ಕಾಗದವನ್ನು ಹಾಗೆ ಕತ್ತರಿಸಲು ಬರುವುದಿಲ್ಲ. ಮಡಿಸಿ ಇಟ್ಟರೂ ನಾನು ಹೇಳಿದ್ದು ಅದರೊಳಗೆ ಇದ್ದೇ ಇರುತ್ತದೆ. ನೀನು ಐದನೆಯ ಇಯತ್ತೆ ಮುಗಿಸಿದವಳು, ನೀನೇ ಓದು. ಅಣ್ಣನ ಕೈಗೆ ಕೊಟ್ಟರೆ ಅರ್ಧ ನುಂಗಿ ಓದುತ್ತಾನೆ. ಕಾಗದದಲ್ಲಿ ನನ್ನ ಭಾಷೆ ಪುಸ್ತಕದ್ದಾಗುತ್ತದೆ ಎಂದು ನಿನ್ನ ದೂರು. ಅದಕ್ಕೆ ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ಸಂಘದವರು ಹಂಚುತ್ತಿದ್ದ ಹಕ್ಕಿನ ಕರಪತ್ರಗಳು ಕಾರಣ. ನೀನು ಅವನ್ನು ರೊಟ್ಟಿ ಬುಟ್ಟಿಯ ತಳಕ್ಕೆ ಹಾಸುತ್ತಿದ್ದೆ, ನಾನು ರೊಟ್ಟಿ ಎತ್ತಿ ಓದುತ್ತಿದ್ದೆ. “ಪುಗಸಟ್ಟೆ ಹಾಳಿ ಓದಿ ಓದಿ ಈಕಿ ತಲಿ ಕೆಟ್ಟೈತಿ” ಎಂದು ಓಣಿಗೆಲ್ಲ ಸಾರಿದ್ದೆ. ಕೆಟ್ಟದ್ದು ಕೆಟ್ಟಿತು, ಇನ್ನು ಅದು ಸರಿಯಾಗುವುದಿಲ್ಲ.

ಈ ಊರಿನ ಬಗ್ಗೆ ಕೇಳಿದ್ದೆಯಲ್ಲ, ಹೇಳುತ್ತೇನೆ. ಸಮುದ್ರದ ಊರು ತಂಪಾಗಿರುತ್ತದೆ ಎಂಬ ನಿನ್ನ ಲೆಕ್ಕ ತಪ್ಪು. ನಮ್ಮ ಬಿಸಿಲು ಕಾದ ಹಂಚಾದರೆ ಇಲ್ಲಿಯದು ಇಡ್ಲಿ ಪಾತ್ರೆ. ಅಲ್ಲಿ ಸುಡುತ್ತೇವೆ, ಇಲ್ಲಿ ಬೇಯುತ್ತೇವೆ. ಮಾಘ ಮಾಸದಲ್ಲೂ ಒಗೆದ ರವಿಕೆ ಒಣಗುವ ಮೊದಲೇ ಹಾಕಿಕೊಂಡದ್ದು ಒದ್ದೆಯಾಗುತ್ತದೆ. ಸೋನಾ ಮಸೂರಿ ಬೆಳೆಯುವ ಮನೆಯ ಮಗಳ ತಟ್ಟೆಗೆ ಹಾಸ್ಟೆಲಿನವರು ಕಡಲೆಯಷ್ಟು ದಪ್ಪದ ಕುಚ್ಚಲಕ್ಕಿ ಬಡಿಸುತ್ತಾರೆ. ನೀನು ಬಸ್ಸಿಗೆ ಕೊಟ್ಟು ಕಳಿಸುವ ಜೋಳದ ರೊಟ್ಟಿ ಇಲ್ಲದಿದ್ದರೆ ನಾನು ಎಂದೋ ಓಡಿ ಬರುತ್ತಿದ್ದೆ. ಆದರೆ ಅವ್ವಾ, ಓಡಿ ಬಾರದಂತೆ ಹಿಡಿದಿಟ್ಟವೂ ಕೆಲವು ಇವೆ. ಐದು ನಿಮಿಷಕ್ಕೊಂದು ಸಿಟಿ ಬಸ್ಸು. ಗ್ರಂಥಾಲಯದಲ್ಲಿ ಫ್ಯಾನಿನ ಕೆಳಗೆ ಕುರ್ಚಿ. ಸಂಜೆ ಪಾರ್ಕಿನಲ್ಲಿ ನಿನ್ನ ವಯಸ್ಸಿನ ಹೆಂಗಸರು ಸುಮ್ಮನೆ ಕೂತಿರುತ್ತಾರೆ. ಕೈಯಲ್ಲಿ ಮೊರ ಇಲ್ಲ, ಕಾಳು ಇಲ್ಲ, ಮಡಿಲಲ್ಲಿ ಕೂಸಿಲ್ಲ. ಏನೂ ಮಾಡದೆ ಕೂತ ಹೆಂಗಸನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಮೊದಲ ದಿನ ಇವರಿಗೆಲ್ಲ ಮೈಯಲ್ಲಿ ಹುಷಾರಿಲ್ಲವೇನೋ ಎಂದುಕೊಂಡೆ! ಎಲ್ಲಿ ಹೋದರೂ “ನೀ ಯಾರ ಮನಿಯಾಕಿ?” ಎಂದು ಒಬ್ಬರೂ ಕೇಳಲಿಲ್ಲ. ಊರು ಎಂದರೆ ಹೀಗಿರಬೇಕು. ಎಲ್ಲರಿಗೂ ಸೇರಿದ್ದನ್ನು ಬಳಸಲು ಯಾರ ಮಗಳೂ ಆಗಿರಬೇಕಾಗಿಲ್ಲ.

ಹಾಗಂತ ಇದು ಕೈಲಾಸವಲ್ಲ. ನಮ್ಮ ಕಡೆಯವರನ್ನು ಇಲ್ಲಿ ಘಟ್ಟದವರು ಎನ್ನುತ್ತಾರೆ, ಹೇಳುವಾಗ ಮೂಗು ಸ್ವಲ್ಪ ಮೇಲೇರುತ್ತದೆ. ಬೆಳಗಿನ ಹೊತ್ತು ಸರ್ಕಲ್ಲಿನಲ್ಲಿ ಕೂಲಿಗಾಗಿ ನಿಲ್ಲುವವರು ಮಸ್ಕಿ, ಲಿಂಗಸುಗೂರು ಕಡೆಯವರೇ. ಈಜುಕೊಳದ ಬಾಗಿಲಲ್ಲಿ ಮರಳು ಹೊರುತ್ತಿದ್ದ ಮಸ್ಕಿಯ ಹೆಂಗಸೊಬ್ಬಳು ನನ್ನ ಮಾತಿನ ಧಾಟಿ ಕೇಳಿ, “ತಂಗೀ, ಒಳಗ ಏನೈತಬೇ? ನಮ್ಮನ್ನ ಬಿಡ್ತಾರೇನು?” ಎಂದಳು. ಬಿಡುತ್ತಾರೆ ಎಂದೆ. ಅವಳು ನಂಬಲಿಲ್ಲ. ಕಟ್ಟಿದವರಿಗೇ ಇದು ನಮ್ಮದೂ ಹೌದು ಎಂದು ಗೊತ್ತಿಲ್ಲದಿದ್ದರೆ ಅದು ಯಾವ ಸೌಲಭ್ಯ? ಈ ಮಾತು ನನ್ನನ್ನು ನಿದ್ದೆಗೆಡಿಸುತ್ತಿದೆ. ಸರಿ, ಅದರ ಜಗಳ ಬೇರೆ ದಿನ. ಈಜುಕೊಳ ಎಂದೆನಲ್ಲ. ಈಗ ನೀನು ಕಾಗದ ಕೆಳಗಿಡಬೇಡ. ಅವ್ವಾ, ನಾನು ಈಜು ಕಲಿತಿದ್ದೇನೆ.

ಕೂತ್ಕೊ. ನೀರು ಕುಡಿ. ಹೇಳುತ್ತೇನೆ. ಇಲ್ಲಿ ಪಾಲಿಕೆಯ ಕೊಳದಲ್ಲಿ ಬೆಳಿಗ್ಗೆ ಹೆಂಗಸರಿಗೇ ಎಂದು ಒಂದು ಹೊತ್ತಿದೆ. ಗಂಡಸರು ಆ ಹೊತ್ತಿನಲ್ಲಿ ಒಳಗೆ ಬರುವಂತಿಲ್ಲ. ಮೈತುಂಬ ಬಟ್ಟೆ ಇರುತ್ತದೆ, ಮೊಣಕಾಲ ಕೆಳಗಿನವರೆಗೆ, ಆದ್ದರಿಂದ ಆ ಚಿಂತೆ ಬಿಡು. ಕಲಿಸುವವರು ಜೆಸಿಂತಾ ಟೀಚರ್ ಎಂದು, ಐವತ್ತು ದಾಟಿದವರು, ಧ್ವನಿ ನಮ್ಮ ಭತ್ತದ ಮಿಲ್ಲಿನ ಸೈರನ್ನಿನಂತೆ. ಕಾಲುವೆಯ ಊರಿನವಳು ಎಂದದ್ದಕ್ಕೆ, “ಎಂತ? ಮನೆ ಎದುರು ಅಷ್ಟು ನೀರು ಉಂಟು, ಈಜು ಬರುದಿಲ್ವಾ?” ಎಂದು ಎಲ್ಲರ ಮುಂದೆ ಕೇಳಿದರು. ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಅವರ ಮೇಲಲ್ಲ. ನಮ್ಮೂರ ಹುಡುಗರು ಚಾಂದ್‌ಪಾಷಾನ ಪಂಕ್ಚರ್ ಅಂಗಡಿಯಿಂದ ಲಾರಿ ಟ್ಯೂಬ್ ತಂದು, ನಡೆಯಲು ಬಂದ ಕೂಡಲೇ ಕಾಲುವೆಗೆ ಬೀಳುತ್ತಾರೆ. ನಾವು ಹುಡುಗಿಯರು ದಂಡೆಯ ಮೇಲೆ ಅವರ ಅಂಗಿ ಹಿಡಿದು ನಿಲ್ಲುತ್ತೇವೆ. ಆದರೆ ದಿನಾ ಆ ನೀರಿಗೆ ಇಳಿಯುವವರು ಯಾರು? ಬಟ್ಟೆ ಒಗೆಯಲು, ಪಾತ್ರೆ ತೊಳೆಯಲು, ಎಮ್ಮೆ ಮೈ ತೊಳೆಸಲು ಇಳಿಯುವವರು ಹೆಂಗಸರು. ಇಳಿಯುವ ಕೆಲಸ ನಮ್ಮದು, ಈಜುವ ಆಟ ಅವರದು. ಇದಕ್ಕೆ ಯಾವ ಕರಪತ್ರವೂ ಬೇಕಾಗಿಲ್ಲ, ಕಣ್ಣು ಸಾಕು.

ಮೊದಲ ತಿಂಗಳು ನಾನು ಕೊಳದ ಅಂಚಿನ ಕಂಬಿ ಬಿಡಲೇ ಇಲ್ಲ. ಟೀಚರ್ “ಕೈ ಬಿಡು ಮಾರಾಯ್ತಿ, ಕಂಬಿ ಎಂತ ನಿನ್ನ ಗಂಡನಾ?” ಎಂದು ಕೂಗುತ್ತಿದ್ದರು, ಉಳಿದವರು ನಗುತ್ತಿದ್ದರು. ನನ್ನ ಬೆರಳು ನನ್ನ ಮಾತು ಕೇಳುತ್ತಿರಲಿಲ್ಲ. ಅಕ್ಕನ ಬೆರಳು ಕಾಣುತ್ತಿತ್ತು. ನೀನು ಆಡಬೇಡ ಎಂದ ಮಾತನ್ನು ಇವತ್ತು ಬರೆಯುತ್ತೇನೆ, ಕ್ಷಮಿಸು. ನಾನು ಸಣ್ಣವಳಿದ್ದಾಗ, ಸಂಕ್ರಾಂತಿಯ ಮುಂಚಿನ ಆ ದಿನ ಹೊದೆಯುವ ಕೌದಿಗಳನ್ನೆಲ್ಲ ಒಗೆಯಲು ಹೋಗಿದ್ದೆವು. ನಾನು ದಂಡೆಯಲ್ಲಿ ಹಿಂಡುತ್ತಿದ್ದೆ, ಅಕ್ಕ ಮೊಣಕಾಲುದ್ದದ ನೀರಿನಲ್ಲಿ ಜಾಲಿಸುತ್ತಿದ್ದಳು. ನೆನೆದ ಕೌದಿ ಕರುವಿನಷ್ಟು ಭಾರವಾಗುತ್ತದೆ. ಸೆಳವು ಅದನ್ನು ಎಳೆಯಿತು, ಅದು ಅಕ್ಕನನ್ನು ಎಳೆಯಿತು. ಬಿಟ್ಟುಬಿಡು ಎಂದು ದಂಡೆಯಲ್ಲಿ ಇದ್ದವರೆಲ್ಲ ಕೂಗಿದರು. ಪಕ್ಕದ ಮನೆಯ ಆಂಜನೇಯ ಕಾಕಾ ಹೊಲದಿಂದ ಓಡಿ ಬಂದು ಹಾರುವಷ್ಟರಲ್ಲಿ ತಡವಾಗಿತ್ತು. ಅಜ್ಜಿ ಹೊಲಿದ ಕೌದಿ, ಹೇಗೆ ಬಿಡುತ್ತಾಳೆ ರಾಜಶ್ರೀ ಅಕ್ಕ? ತೂಬಿನ ಹತ್ತಿರ ಸಿಕ್ಕಾಗಲೂ ಅವಳ ಕೈಯಲ್ಲಿ ಅದರ ಅಂಚಿತ್ತು. ಮಸ್ಕಿಯ ಶಾಸನ ನೋಡಲು ಶಾಲೆಯಿಂದ ಹೋದಾಗಲೂ ಹಾಗೇ, ಗುಡ್ಡ ಹತ್ತಿ ಇಳಿಯುವತನಕ ನನ್ನ ಕೈ ಬಿಟ್ಟಿರಲಿಲ್ಲ. ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಧರ್ಮ ಎಟುಕುತ್ತದೆ ಎಂದು ಅರಸ ಬರೆಸಿದ್ದಾನಂತೆ ಎಂದು ಅಲ್ಲಿಯ ಫಲಕ ಓದಿ ನನಗೆ ಬಿಡಿಸಿ ಹೇಳಿದ್ದಳು. ಹಿಡಿದದ್ದನ್ನು ಬಿಡುವುದನ್ನು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಕಲಿಸಲಿಲ್ಲ.

ಮೂರು ದಿನ ಆದ ಮೇಲೆ ನೀನು ಅರಿಶಿನ ಕುಂಕುಮ, ತೆಂಗಿನಕಾಯಿ ಹಿಡಿದು ಕಾಲುವೆಯ ಮುಂದೆ ನಿಂತೆ. “ತಾಯಿ ಗಂಗವ್ವಾ, ಒಬ್ಬಾಕಿನ್ನ ತಗೊಂಡಿ, ಸಾಕು. ಇನ್ನ ಮ್ಯಾಲೆ ಈ ಮನಿ ಹೆಣ್ಮಗು ನಿನ್ನ ನೀರಾಗ ಕಾಲಿಡಂಗಿಲ್ಲ” ಎಂದು ಹರಕೆ ಹೊತ್ತೆ. ನಾನು ನಿನ್ನ ಸೆರಗು ಹಿಡಿದು ಕೇಳಿಸಿಕೊಂಡಿದ್ದೆ. ಲಿಂಗಸುಗೂರಿನ ಆಚೆ, ಕೊಡ ನೀರಿಗೆ ಸರದಿ ನಿಲ್ಲುವ ಊರಿನಿಂದ ಬಂದವಳು ನೀನು. ಮದುವೆಯಾಗಿ ಬಂದ ದಿನ ಕಾಲುವೆ ನೋಡಿ ಬಂಡಿಯಿಂದ ಇಳಿದು ಕೈಮುಗಿದಿದ್ದೆಯಂತೆ, ಅಪ್ಪ ಈಗಲೂ ಹೇಳುತ್ತಾನೆ. ಆ ಗಂಗವ್ವ ತಾಯಿಯೇ ಮಗಳನ್ನು ತೆಗೆದುಕೊಂಡಾಗ ನಿನಗೆ ತಿಳಿದ ದಾರಿಯಲ್ಲಿ ನನ್ನನ್ನು ಉಳಿಸಲು ನೋಡಿದೆ. ಅದಕ್ಕೆ ನಾನು ನಗುವುದಿಲ್ಲ. ಆಮೇಲೆ ಅಕ್ಕನ ಚೂಡಿದಾರ, ಲಂಗ ಎಲ್ಲ ಸೇರಿಸಿ ಒಂದು ಕೌದಿ ಹೊಲಿದೆ. ಬೇಸಿಗೆಯಲ್ಲೂ ಅದನ್ನೇ ಹೊದ್ದು ಮಲಗುತ್ತೀಯ, ಯಾರನ್ನೂ ಮುಟ್ಟಗೊಡುವುದಿಲ್ಲ. ಅದಕ್ಕೂ ನಾನು ಒಂದು ಮಾತೂ ಆಡಿಲ್ಲ.

ಆದರೆ ಆ ಹರಕೆ ಏನು ಮಾಡಿತು ನೋಡು. ಮನೆಯ ಹೆಣ್ಣುಮಕ್ಕಳು ನೀರಿಗೆ ಇಳಿಯುವಂತಿಲ್ಲ. ರೇಣುಕಾ ವೈನಿ ಅಣ್ಣನನ್ನು ಮದುವೆಯಾಗಿ ಹೊರಗಿನಿಂದ ಬಂದವಳು, ಆದರೂ ಚನ್ನುವಿನ ತಾಯಿ ಎಂದು ಅವಳನ್ನೂ ನೀನು ಬಿಡುವುದಿಲ್ಲ. ನಳದಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಇಡೀ ಮನೆಯ ಬಟ್ಟೆಯ ಗಂಟು ಯಾರ ತಲೆಯ ಮೇಲೆ? “ನಾ ಹೊರಗಿಂದ ಬಂದಾಕಿ, ಮುದುಕಿ, ನನ್ನ ಗಂಗವ್ವ ಏನ್ ಮಾಡ್ತಾಳ?” ಎನ್ನುತ್ತ ನೀನು ಮೊಣಕಾಲು ನೋವಿನಲ್ಲಿ ಆ ಪಾಚಿಗಟ್ಟಿದ ಪಾವಟಿಗೆಗಳನ್ನು ಒಂದೊಂದಾಗಿ ಇಳಿಯುತ್ತೀಯ. ನಮ್ಮನ್ನು ದಂಡೆಗೆ ಕಟ್ಟಿಹಾಕಿ ನಿನ್ನನ್ನು ನೀರಿಗೆ ಕೊಟ್ಟುಕೊಂಡಿದ್ದೀಯ. ಗಂಗವ್ವನಿಗೆ ನೀನು ಮಗಳಲ್ಲವೇ? ಹೊರಗಿನಿಂದ ಬಂದವಳ ಜೀವ ಜೀವವಲ್ಲವೇ? ಇದನ್ನು ನಾನು ಒಪ್ಪುವುದಿಲ್ಲ, ಅವ್ವಾ. ಇನ್ನು ಒಂದು ದಿನವೂ ಒಪ್ಪುವುದಿಲ್ಲ.

ಹರಕೆ ನಾನು ಆಗಲೇ ಮುರಿದಿದ್ದೇನೆ, ಕೊಳದಲ್ಲೂ ಸಮುದ್ರದಲ್ಲೂ. ಇಲ್ಲಿಯ ಕಡಲ ದಂಡೆಯಲ್ಲಿ ಸೀಟಿ ಹಿಡಿದು ಕಾಯುವವರು ಇರುತ್ತಾರೆ, ಯಾರಾದರೂ ಸೆಳವಿನತ್ತ ಹೋದರೆ ಊದಿ ಕರೆಯುತ್ತಾರೆ. ಇಷ್ಟು ದೊಡ್ಡ ಸಮುದ್ರಕ್ಕೆ ಕಾವಲು ಇದೆ, ನಮ್ಮ ಕಾಲುವೆಗೆ ಒಂದು ಹಗ್ಗವಿಲ್ಲ. ಅದಕ್ಕೇ ನಾನು ಶಿವರಾತ್ರಿಗೆ ರಜೆ ಹಾಕಿ ಬರುತ್ತಿದ್ದೇನೆ, ಊರ ಹುಡುಗಿಯರಿಗೆ ಈಜು ಕಲಿಸುತ್ತೇನೆ. ದೊಡ್ಡ ಕಾಲುವೆಯಲ್ಲಲ್ಲ, ನಮ್ಮ ಹೊಲದ ಪಕ್ಕದ ಮರಿಗಾಲುವೆಯಲ್ಲಿ, ಅಲ್ಲಿ ನನಗೆ ಸೊಂಟದ ಮಟ್ಟವೂ ನೀರಿಲ್ಲ. ಆಂಜನೇಯ ಕಾಕಾ ಅಡ್ಡ ಹಗ್ಗ ಕಟ್ಟಿ ದಂಡೆಯಲ್ಲಿ ಕೂಡುತ್ತೇನೆ ಎಂದಿದ್ದಾನೆ. ಅಕ್ಕನನ್ನು ಹಿಡಿಯಲಾಗಲಿಲ್ಲ ಎಂಬುದು ಅವನ ಎದೆಯಲ್ಲೂ ಇದೆ. ಚಾಂದ್‌ಪಾಷಾ ಟ್ಯೂಬ್ ಕೊಡುತ್ತಾನೆ. “ಬೇಟಿ, ಹುಡುಗ್ರು ಹರದು ಹಾಕ್ಯಾರ, ನಿನ್ ಹುಡುಗ್ಯಾರು ಜತನ ಮಾಡ್ತಾರ, ಒಯ್ಯಿ” ಎಂದ. ಮಧ್ಯಾಹ್ನ ಗಂಡಸರು ಗದ್ದೆಯಲ್ಲಿರುವಾಗ ನಮ್ಮ ಹೊತ್ತು. ದುಪಟ್ಟಾ, ಲಂಗ ಕಾಲಿಗೆ ಸುತ್ತಿಕೊಳ್ಳುತ್ತವೆ, ಆದ್ದರಿಂದ ಎಲ್ಲರೂ ಅಣ್ಣತಮ್ಮಂದಿರ ಪ್ಯಾಂಟು ಹಾಕಿಕೊಂಡು ಬರಬೇಕು. ಮಂದಿ ಏನಂದಾರು ಎಂದು ಕೇಳುತ್ತೀಯ. ಅಕ್ಕ ಹೋದಾಗ ಮಂದಿ ಬಂದು ಮಂಡಕ್ಕಿ ತಿಂದು ಹೋದರು. ಅವರು ಏನಾದರೂ ಅಂದುಕೊಳ್ಳಲಿ. ನಿನ್ನ ಮನಸ್ಸಿನ ಸಮಾಧಾನಕ್ಕೆ ಗಂಗವ್ವನಿಗೆ ತಪ್ಪುಗಾಣಿಕೆ ಕಟ್ಟೋಣ. ನನಗೆ ಅದರಲ್ಲಿ ನಂಬಿಕೆ ಇಲ್ಲ, ಆದರೂ ನಿನ್ನ ಪಕ್ಕ ನಿಂತು ಕಾಯಿ ಹಿಡಿಯುತ್ತೇನೆ. ನೀನು ಒಪ್ಪಿದರೆ ಒಪ್ಪಿಸಿಕೊಂಡು ಇಳಿಯುತ್ತೇನೆ. ಒಪ್ಪದಿದ್ದರೆ ಬೈಸಿಕೊಂಡು ಇಳಿಯುತ್ತೇನೆ. ಇಳಿಯುವುದಂತೂ ಖಂಡಿತ.

ಅಪ್ಪನಿಗೆ, ಅಣ್ಣನಿಗೆ, ವೈನಿಗೆ ನನ್ನ ಶರಣು ಹೇಳು. ಚನ್ನುವಿನ ಹಲ್ಲು ಬಿದ್ದಿದ್ದರೆ ಆ ಜಾಗಕ್ಕೆ ಒಂದು ಮುತ್ತು. ರೊಟ್ಟಿ ಡಬ್ಬಿ ತೊಳೆದು ಕಳಿಸುತ್ತಿದ್ದೇನೆ, ಈ ಕಾಗದ ಅದರೊಳಗೇ ಇದೆ. ಮುಂದಿನ ಸಲ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಗೆ ಖಾರ ಕಡಿಮೆ ಹಾಕಬೇಡ. ಇಲ್ಲಿಯವರು ಕೇಳಿ ತಿಂದು ಅಳಬೇಕು.

ನಿನ್ನ ಮಾತು ಕೇಳದ, ನಿನ್ನನ್ನು ಬಿಟ್ಟಿರದ ಮಗಳು,
ಶಿವಕುಮಾರಿ

ತಾ.ಕ.: ಸಿಂಧನೂರು ಬಸ್ಸಿನ ಹತ್ತಿರ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಅವ್ವಾ, ನೀನು ಬಚ್ಚಲಲ್ಲಿ ಜಾರಲಿಲ್ಲ. ವೈನಿ ಹೇಳಿದಳು, ಅವಳನ್ನು ಬೈಯಬೇಡ. ಶಿವರಾತ್ರಿ ಬಂತೆಂದು ಅಕ್ಕನ ಬಟ್ಟೆಯ ಕೌದಿ ಒಗೆಯಲು ಯಾರಿಗೂ ಹೇಳದೆ ಹೋಗಿದ್ದೆಯಂತೆ. ಪಾಚಿಯ ಮೇಲೆ ಕಾಲು ಹೋಯಿತಂತೆ, ಕೌದಿ ಎಳೆಯಿತಂತೆ. ನೀನು ಅದನ್ನು ಬಿಟ್ಟೆಯಂತೆ. ಬಿಟ್ಟದ್ದಕ್ಕೇ ಅಲ್ಲಿ ಬಟ್ಟೆ ಒಗೆಯುತ್ತಿದ್ದ ಸೂಗಮ್ಮನ ಕೈಗೆ ನಿನ್ನ ಸೆರಗು ಸಿಕ್ಕಿತಂತೆ. ಅಂದಿನಿಂದ “ಎರಡನೇ ಸಲ ಆಕಿನ್ನ ನೀರಿಗೆ ಬಿಟ್ನಲ್ಲ” ಎಂದು ಏನೂ ಹೊದೆಯದೆ ಬರಿ ಚಾಪೆಯ ಮೇಲೆ ಮಲಗುತ್ತೀಯಂತೆ. ಅಳಬೇಡ. ನನಗೆ ಒಂದು ತಿಂಗಳು ಹಿಡಿದ ಮೊದಲ ಪಾಠವನ್ನು ನೀನು ಒಂದು ಗಳಿಗೆಯಲ್ಲಿ ಕಲಿತೆ. ಅಕ್ಕನಿಗೆ ಯಾರಾದರೂ ಅದನ್ನು ಕಲಿಸಿದ್ದರೆ ಇವತ್ತು ಅವಳೇ ನಿನ್ನನ್ನು ಬೈಯುತ್ತಿದ್ದಳು. ಎರಡನೆಯ ಪಾಠ ನಾನು ಕಲಿಸುತ್ತೇನೆ. ಅಲ್ಲಿಯವರೆಗೆ ಬಟ್ಟೆ ಕೊಳೆಯಾಗಿಯೇ ಬಿದ್ದಿರಲಿ. ಹೊದೆಯಲು ನನ್ನ ಹಳೆಯ ಚಾದರ ಅಟ್ಟದ ಮೇಲಿದೆ, ತೆಗೆಸಿಕೋ. ಈಜಿಗೆ ಚನ್ನುವಿನ ಸರದಿ ಎರಡನೆಯದು, ಅವಳಿಗೆ ಹೇಳು. ಶಿವರಾತ್ರಿಯ ಮರುದಿನ ಅಣ್ಣನ ಪ್ಯಾಂಟು ಹಾಕಿಕೊಂಡು ಮೊದಲು ನೀರಿಗೆ ಇಳಿಯುವವಳು ನೀನೇ, ಅವ್ವಾ. ಕಂಡಕ್ಟರ್ ಸೀಟಿ ಊದುತ್ತಿದ್ದಾನೆ.